ರೆಫರಲ್ ಚೀಟಿಗೂ ಮೊದಲು: ಕೋಲಾರದ ಐಸಿಯುಗಳಲ್ಲಿ ಲಿವರ್ ರೋಗಿಗಳು

ಕೋಲಾರ ಜಿಲ್ಲೆಯ ಯಾವ ಐಸಿಯು ಹೊರಗಿನ ಬೆಂಚಿನ ಮೇಲೆ ಕೂತರೂ "ಲಿವರ್ ಹೋಗಿದೆಯಂತೆ" ಎನ್ನುವ ಮಾತು ಕಿವಿಗೆ ಬೀಳುತ್ತದೆ. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಕಡೆಯಿಂದ ಬಂದ ಮನೆಯವರು. ರೋಗಿಗೆ ನಲವತ್ತೋ ನಲವತ್ತೈದೋ ವಯಸ್ಸು. ರಾತ್ರಿ ರಕ್ತ ವಾಂತಿ ಆಗಿದೆ. ಇಲ್ಲವೇ ಎರಡು ದಿನದಿಂದ ಮಂಪರು. ಇಲ್ಲವೇ ಹೊಟ್ಟೆ ಉಬ್ಬಿ ಉಸಿರಾಡಲು ಆಗುತ್ತಿಲ್ಲ. ಡಾಕ್ಟರು ಸ್ಕ್ಯಾನ್ ಮಾಡಿಸಿ ಸಿರೋಸಿಸ್ ಎಂದಾಗ ಮನೆಯವರು ಮೊದಲು ಕೇಳುವುದು ಒಂದೇ: "ಮೊನ್ನೆವರೆಗೂ ಚೆನ್ನಾಗೇ ಇದ್ದನಲ್ಲ ಸಾರ್?"

ಚೆನ್ನಾಗಿರಲಿಲ್ಲ. ಚೆನ್ನಾಗಿದ್ದಂತೆ ಕಾಣುತ್ತಿದ್ದ, ಅಷ್ಟೇ. ಲಿವರಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ರಕ್ತನಾಳದಲ್ಲಿ ಬರುತ್ತದೆ. ಲಿವರ್ ಗಾಯಗೊಂಡು, ಮಾಗಿ, ಮತ್ತೆ ಗಾಯಗೊಂಡು ಗಟ್ಟಿಯಾದಾಗ (ಇದೇ ಸಿರೋಸಿಸ್) ಆ ರಕ್ತಕ್ಕೆ ಒಳಗೆ ಸರಾಗ ದಾರಿ ಸಿಗುವುದಿಲ್ಲ. ಒತ್ತಡ ಹಿಂದಕ್ಕೆ ಬೀಳುತ್ತದೆ. ಗುಲ್ಮ (ಸ್ಪ್ಲೀನ್) ದೊಡ್ಡದಾಗುತ್ತದೆ. ಅನ್ನನಾಳದ ತುದಿಯ ರಕ್ತನಾಳಗಳು ಉಬ್ಬುತ್ತವೆ. ಹೊಟ್ಟೆಯಲ್ಲಿ ನೀರು ಸೇರುತ್ತದೆ. ಇದು ವರ್ಷಗಟ್ಟಲೆ ನಡೆಯುವ ಕೆಲಸ. ಆ ವರ್ಷಗಳಲ್ಲಿ ಮನುಷ್ಯ ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಹೊತ್ತಿರುತ್ತಾನೆ, ಟ್ರ್ಯಾಕ್ಟರ್ ಓಡಿಸಿರುತ್ತಾನೆ, ತಂಗಿ ಮದುವೆಗೆ ಓಡಾಡಿರುತ್ತಾನೆ. ನೋವು ಇರುವುದೇ ಇಲ್ಲ.

ಇಂಥ ರೋಗಿ ಉಳಿಯುತ್ತಾನೋ ಇಲ್ಲವೋ ಎನ್ನುವುದು ಬಹುಪಾಲು ಎರಡು ಕಡೆ ತೀರ್ಮಾನವಾಗುತ್ತದೆ ಎಂದು ನನಗೆ ಅನಿಸುತ್ತದೆ. ಒಂದು, ಐಸಿಯುಗೆ ಬರುವ ಎಷ್ಟೋ ವರ್ಷ ಮುಂಚೆ, ಒಂದು ಸಾಧಾರಣ ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ. ಇನ್ನೊಂದು, ಮೊದಲು ಹೋದ ಆಸ್ಪತ್ರೆಯ ಮೊದಲ ಕೆಲವು ಗಂಟೆಗಳಲ್ಲಿ. ಎರಡೂ ನಮ್ಮ ತಾಲ್ಲೂಕಿನಲ್ಲೇ ನಡೆಯುವಂಥವು. ಆದರೆ ಎಲ್ಲರ ಕಣ್ಣೂ ಇರುವುದು ಬೆಂಗಳೂರಿನ ಮೇಲೆ.

ಫೈಲಿನಲ್ಲೇ ಇದ್ದ ಸುಳಿವು

ಮನೆಯವರು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಕಾಗದಗಳನ್ನೆಲ್ಲ ತುಂಬಿಕೊಂಡು ಬಂದಿರುತ್ತಾರೆ. ಅದನ್ನು ಸಮಾಧಾನವಾಗಿ ಬಿಡಿಸಿ ನೋಡಬೇಕು. ಸಾಮಾನ್ಯವಾಗಿ ಹೀಗೊಂದು ಚೀಟಿ ಅದರಲ್ಲಿ ಇರುತ್ತದೆ: ಎರಡು ವರ್ಷದ ಹಿಂದಿನ ರಕ್ತ ಪರೀಕ್ಷೆ, ಪ್ಲೇಟ್ಲೆಟ್ 98 ಸಾವಿರ. ನಮ್ಮ ಕಡೆ ಪ್ಲೇಟ್ಲೆಟ್ ಎನ್ನುವುದು ಯಾರಿಗೂ ಹೊಸ ಮಾತಲ್ಲ. ಮಳೆಗಾಲ ಬಂತೆಂದರೆ ಡೆಂಗಿ, ಡೆಂಗಿ ಎಂದರೆ ಪ್ಲೇಟ್ಲೆಟ್, ಪ್ಲೇಟ್ಲೆಟ್ ಎಂದರೆ ಪರಂಗಿ ಎಲೆ ರಸ. ಹಾಗಾಗಿ ಅವತ್ತೂ ಡೆಂಗಿ ಇರಬಹುದು ಎಂದುಕೊಂಡು ಎರಡು ದಿನ ಡ್ರಿಪ್ ಹಾಕಿಸಿ ಮನೆಗೆ ಕಳಿಸಿರುತ್ತಾರೆ. ಜ್ವರ ಹೋಯಿತು. ಪ್ಲೇಟ್ಲೆಟ್ ಏರಿತೇ ಎಂದು ತಿಂಗಳಾದ ಮೇಲೆ ಯಾರೂ ನೋಡಲಿಲ್ಲ.

ಡೆಂಗಿಯಲ್ಲಿ ಇಳಿದ ಪ್ಲೇಟ್ಲೆಟ್ ವಾರ, ಹತ್ತು ದಿನದಲ್ಲಿ ಮೇಲೆ ಬರುತ್ತದೆ. ಜ್ವರ ಇಲ್ಲದಿದ್ದರೂ ತಿಂಗಳುಗಟ್ಟಲೆ ಒಂದೂವರೆ ಲಕ್ಷದ ಕೆಳಗೇ ನಿಂತಿದ್ದರೆ ಲಿವರನ್ನೂ ಗುಲ್ಮವನ್ನೂ ನೋಡಲೇಬೇಕು. ದೊಡ್ಡದಾದ ಗುಲ್ಮ ಪ್ಲೇಟ್ಲೆಟ್‌ಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಸಿರೋಸಿಸ್ ಬಿಟ್ಟುಕೊಡುವ ಮೊದಲ ಸುಳಿವುಗಳಲ್ಲಿ ಇದೂ ಒಂದು.

ಇದನ್ನು ಅಳೆಯಲು ದೊಡ್ಡ ಮಿಷನ್ ಬೇಕಿಲ್ಲ. ಫಿಬ್-4 ಎಂಬ ಲೆಕ್ಕ ಇದೆ. ಎಸ್‌ಜಿಒಟಿ, ಎಸ್‌ಜಿಪಿಟಿ ಎಂದರೆ ಲಿವರ್ ರಕ್ತ ಪರೀಕ್ಷೆಯ ಎರಡು ಅಂಕಿಗಳು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಬಂದದ್ದನ್ನು ಸಾವಿರದ ಲೆಕ್ಕದ ಪ್ಲೇಟ್ಲೆಟ್ ಸಂಖ್ಯೆಯಿಂದಲೂ (98 ಸಾವಿರಕ್ಕೆ 98), ಎಸ್‌ಜಿಪಿಟಿಯ ವರ್ಗಮೂಲದಿಂದಲೂ ಭಾಗಿಸಬೇಕು. 48 ವರ್ಷದವನಿಗೆ ಎಸ್‌ಜಿಒಟಿ 90, ಎಸ್‌ಜಿಪಿಟಿ 45, ಪ್ಲೇಟ್ಲೆಟ್ 98 ಸಾವಿರ ಇದ್ದರೆ ಉತ್ತರ ಸುಮಾರು ಆರೂವರೆ. 1.3ಕ್ಕಿಂತ ಕಡಿಮೆ ಇದ್ದರೆ ಸದ್ಯಕ್ಕೆ ಭಯವಿಲ್ಲ. 2.67 ದಾಟಿದರೆ ಲಿವರ್ ಗಟ್ಟಿಯಾಗಿರುವ ಸಾಧ್ಯತೆ ಜಾಸ್ತಿ. ಆರೂವರೆ ಎಂದರೆ ಸುಮ್ಮನೆ ಕೂರುವ ಮಾತೇ ಇಲ್ಲ. ಈ ಮೂರೂ ಪರೀಕ್ಷೆ ಬಂಗಾರಪೇಟೆಯ ಸಾಧಾರಣ ಲ್ಯಾಬಿನಲ್ಲೂ ಆಗುತ್ತವೆ. ಲೆಕ್ಕ ಮೊಬೈಲಿನಲ್ಲೇ ಆಗುತ್ತದೆ.

ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಪ್ರಾಯೋಗಿಕವಾಗಿ ಶುರುವಾದದ್ದು ಕೋಲಾರ ಜಿಲ್ಲೆಯಲ್ಲೇ. ಫ್ಯಾಟಿ ಲಿವರನ್ನು ಕೇಂದ್ರ ಸರ್ಕಾರ 2021ರಲ್ಲಿ ಸಾಂಕ್ರಾಮಿಕವಲ್ಲದ ಕಾಯಿಲೆಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಅಂದರೆ ಮನೆಗೆ ಹೋಗುವ ಜನ ಇದ್ದಾರೆ, ಕಾಗದದ ಮೇಲೆ ಒಪ್ಪಿಗೆಯೂ ಇದೆ. ಶುಗರ್ ಇರುವವರಿಗೂ ದಿನಾ ಕುಡಿಯುವವರಿಗೂ ವರ್ಷಕ್ಕೊಮ್ಮೆ ಈ ಲೆಕ್ಕ ಮಾಡಿ ರಿಜಿಸ್ಟರಿನಲ್ಲಿ ಬರೆದಿಟ್ಟರೆ, ಐಸಿಯುನಲ್ಲಿ ಮೊದಲ ಸಲ ಸಿರೋಸಿಸ್ ಎಂದು ಕೇಳುವವರ ಸಂಖ್ಯೆ ಇಳಿಯುತ್ತದೆ.

ಒಂದು ಕ್ವಾರ್ಟರಿನ ಲೆಕ್ಕ

ಕುಡಿತದ ಮಾತಿಗೆ ಬರೋಣ. ಕರ್ನಾಟಕದಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ಬಂತು. ಈಗ 90 ಎಂಎಲ್, 180 ಎಂಎಲ್ ಟೆಟ್ರಾ ಪ್ಯಾಕುಗಳು ಹಳ್ಳಿಯವರೆಗೂ ತಲುಪುತ್ತವೆ. ಈ ಮದ್ಯದಲ್ಲಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಒಂದು ಕ್ವಾರ್ಟರಿಗೆ, ಅಂದರೆ 180 ಎಂಎಲ್‌ಗೆ, ಅದು ಸುಮಾರು 60 ಗ್ರಾಂ ಆಗುತ್ತದೆ. ಗಂಡಸರು ದಿನಕ್ಕೆ 60 ಗ್ರಾಂ ದಾಟಿ ತಿಂಗಳುಗಟ್ಟಲೆ ಕುಡಿದಾಗ ಬರುವ ಲಿವರ್ ಉರಿಯೂತವನ್ನೇ ವೈದ್ಯರು ಆಲ್ಕೋಹಾಲಿಕ್ ಹೆಪಟೈಟಿಸ್ ಎಂದು ಗುರುತಿಸುವುದು. "ನಾನೇನು ಜಾಸ್ತಿ ಕುಡಿಯಲ್ಲ, ಸಂಜೆ ಒಂದು ಕ್ವಾರ್ಟರ್ ಅಷ್ಟೇ" ಎನ್ನುವವರು ಸರಿಯಾಗಿ ಆ ಗೆರೆಯ ಮೇಲೇ ನಿಂತಿರುತ್ತಾರೆ. ಹೆಂಗಸರಿಗೆ ಆ ಗೆರೆ ಇನ್ನೂ ಕೆಳಗಿದೆ.

ಆದರೆ ಲಿವರ್ ಎಂದ ಕೂಡಲೇ ಕುಡಿತ ಎಂದು ತೀರ್ಮಾನ ಮಾಡುವ ನಮ್ಮ ಅಭ್ಯಾಸ ತುಂಬಾ ಜನರಿಗೆ ಅನ್ಯಾಯ ಮಾಡಿದೆ. ಹತ್ತಾರು ವರ್ಷದಿಂದ ಶುಗರ್ ಇರುವ, ಸೊಂಟದ ಸುತ್ತ ಬೊಜ್ಜು ಬಂದ, ಜೀವನದಲ್ಲಿ ಒಂದು ಹನಿ ಕುಡಿಯದ ಹೆಂಗಸಿಗೂ ಸಿರೋಸಿಸ್ ಬರುತ್ತದೆ. ಹೆಪಟೈಟಿಸ್ ಬಿ, ಸಿ ವೈರಸ್‌ನಿಂದಲೂ ಬರುತ್ತದೆ. ವಾರ್ಡಿನಲ್ಲಿ ಎಲ್ಲರ ಎದುರು "ನಿಮಗೆ ಕುಡಿಯೋ ಅಭ್ಯಾಸ ಇದೆಯೇನಮ್ಮಾ?" ಎಂದು ಕೇಳಿಸಿಕೊಂಡವರು ಮತ್ತೆ ಆ ಆಸ್ಪತ್ರೆಗೆ ಬರುವುದಿಲ್ಲ. 2018ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ವೈರಸ್‌ಗಳ ಪರೀಕ್ಷೆ, ಔಷಧಿ ಎರಡೂ ಉಚಿತ. ಹೆಪಟೈಟಿಸ್ ಸಿ ಅಂತೂ ಸಾಮಾನ್ಯವಾಗಿ 12 ವಾರದ ಗುಳಿಗೆಯಲ್ಲಿ ನೂರಕ್ಕೆ 95ರಷ್ಟು ಜನರಲ್ಲಿ ಪೂರ್ತಿ ವಾಸಿಯಾಗುತ್ತದೆ. ಕಾರಣ ಕುಡಿತವೇ ಎಂದು ಮೊದಲೇ ನಿರ್ಧಾರವಾದರೆ ಈ ಪರೀಕ್ಷೆಯನ್ನು ಯಾರೂ ಬರೆಯುವುದಿಲ್ಲ.

ಕಾಮಾಲೆ ಔಷಧಿಯದು ಇನ್ನೊಂದು ಕಥೆ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ, ಇ ಬಹುತೇಕ ಜನರಲ್ಲಿ ತಾನಾಗೇ ಕೆಲವು ವಾರದಲ್ಲಿ ವಾಸಿಯಾಗುತ್ತದೆ. ಆ ಹೊತ್ತಿಗೆ ನಾಟಿ ಔಷಧಿ ಕುಡಿದಿದ್ದರೆ ಹೆಸರು ಅದಕ್ಕೆ ಹೋಗುತ್ತದೆ. ಅದೇ ನಂಬಿಕೆ ಮೇಲೆ ಸಿರೋಸಿಸ್‌ನ ಕಾಮಾಲೆಗೂ ಹಸಿರು ಔಷಧಿ ಕುಡಿಸಿ, ಬರೀ ಗಂಜಿ ಮೇಲೆ ಇಟ್ಟು, ತಿಂಗಳು ಕಳೆದ ಮೇಲೆ ಆಸ್ಪತ್ರೆಗೆ ತರುತ್ತಾರೆ.

ಮೊದಲ ಗಂಟೆಗಳು

ರಾತ್ರಿ ಹನ್ನೊಂದು ಗಂಟೆ. ಮುಳಬಾಗಿಲಿನ ಹತ್ತಿರದ ಹಳ್ಳಿಯಲ್ಲಿ ಒಬ್ಬರಿಗೆ ರಕ್ತ ವಾಂತಿ. 108 ಬರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಡ್ರಿಪ್ ಹಾಕಿ "ಇಲ್ಲಿ ಆಗಲ್ಲ, ಮೇಲಿನ ಆಸ್ಪತ್ರೆಗೆ ಕರ್ಕೊಂಡು ಹೋಗಿ" ಎನ್ನುತ್ತಾರೆ. ಕೋಲಾರಕ್ಕೆ 30 ಕಿಲೋಮೀಟರ್. ಅಲ್ಲಿಂದ ಬೆಂಗಳೂರಿಗೆ ಇನ್ನೂ 70. ಹೊಸಕೋಟೆ, ಕೆ.ಆರ್. ಪುರ ದಾಟಿ ಆಸ್ಪತ್ರೆ ಹುಡುಕಿ, ಬೆಡ್ ಸಿಕ್ಕುವ ಹೊತ್ತಿಗೆ ಬೆಳಕಾಗಿರುತ್ತದೆ.

ಅನ್ನನಾಳದ ಉಬ್ಬಿದ ರಕ್ತನಾಳ ಒಡೆದರೆ ಆರು ವಾರದೊಳಗೆ ನೂರರಲ್ಲಿ 10ರಿಂದ 20 ಮಂದಿ ತೀರಿಕೊಳ್ಳುತ್ತಾರೆ. ಎಂಡೋಸ್ಕೋಪಿಯಲ್ಲಿ, ಅಂದರೆ ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ, ಉಬ್ಬಿದ ನಾಳಕ್ಕೆ ರಬ್ಬರ್ ಬ್ಯಾಂಡ್ ಹಾಕುವುದು ಮುಖ್ಯ ಚಿಕಿತ್ಸೆ. ಅದನ್ನು 12 ಗಂಟೆಯೊಳಗೆ ಮಾಡಬೇಕು ಎನ್ನುವುದು ನಿಯಮ. ರಾತ್ರಿ ಹೊತ್ತು ಅದು ಎಲ್ಲ ಕಡೆ ಸಿಗುವುದಿಲ್ಲ, ನಿಜ. ಆದರೆ ಎಂಡೋಸ್ಕೋಪಿಗೂ ಮುಂಚೆ ಮಾಡಬೇಕಾದ ಎರಡು ಕೆಲಸಗಳಿವೆ. ಪೋರ್ಟಲ್ ಒತ್ತಡ ಇಳಿಸುವ ಇಂಜೆಕ್ಷನ್: ಟರ್ಲಿಪ್ರೆಸ್ಸಿನ್ ಇಲ್ಲವೇ ಆಕ್ಟ್ರಿಯೋಟೈಡ್. ಇನ್ನೊಂದು, ಆ್ಯಂಟಿಬಯೋಟಿಕ್: ಸೆಫ್ಟ್ರಿಯಾಕ್ಸೋನ್ 1 ಗ್ರಾಂ. ರಕ್ತಸ್ರಾವಕ್ಕೆ ಆ್ಯಂಟಿಬಯೋಟಿಕ್ ಯಾಕೆ ಎಂದು ಆಶ್ಚರ್ಯ ಆಗಬಹುದು. ಸಿರೋಸಿಸ್ ಇರುವವರಲ್ಲಿ ರಕ್ತಸ್ರಾವದ ಬೆನ್ನಿಗೇ ಸೋಂಕು ಬರುತ್ತದೆ. ಸೋಂಕು ಬಂದರೆ ಮತ್ತೆ ರಕ್ತಸ್ರಾವ ಆಗುತ್ತದೆ. ಈ ಒಂದು ಇಂಜೆಕ್ಷನ್ ಸಾವನ್ನು ಕಡಿಮೆ ಮಾಡುತ್ತದೆ ಎಂದು ಗಟ್ಟಿಯಾಗಿ ಗೊತ್ತಾಗಿದೆ. ಸೆಫ್ಟ್ರಿಯಾಕ್ಸೋನ್ ಅಪರೂಪದ ಔಷಧಿಯೇನಲ್ಲ. ಆ್ಯಂಬುಲೆನ್ಸ್ ಹೊರಡುವ ಮುಂಚೆ ಕೊಡಬಹುದು. ಕೊಟ್ಟ ಸಮಯವನ್ನು ರೆಫರಲ್ ಚೀಟಿಯಲ್ಲಿ ಬರೆಯಬಹುದು. ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಗೋ, ಟಮಕದ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಮೊದಲೇ ಫೋನ್ ಮಾಡಿ ಎಂಡೋಸ್ಕೋಪಿ ಮಾಡುವವರು ಇದ್ದಾರಾ ಎಂದು ಕೇಳಿಕೊಳ್ಳಬಹುದು. ಆ ಒಂದು ಫೋನ್ ಕರೆ ಬೆಂಗಳೂರಿನ ಅಲೆದಾಟ ತಪ್ಪಿಸಬಹುದು.

ಇಲ್ಲಿ ಮನೆಯವರಿಗೂ ಒಂದು ಮಾತು. "ಇನ್ನೂ ಎರಡು ಬಾಟಲಿ ರಕ್ತ ಹಾಕಿ ಸಾರ್" ಎಂದು ಒತ್ತಾಯ ಮಾಡಬೇಡಿ. ಬಾರ್ಸಿಲೋನಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದನ್ನು ತೋರಿಸಿಕೊಟ್ಟಿತು. ಹಿಮೋಗ್ಲೋಬಿನ್ 7ಕ್ಕಿಂತ ಇಳಿದಾಗ ಮಾತ್ರ ರಕ್ತ ಹಾಕಿ, 7ರಿಂದ 9ರೊಳಗೆ ಇಟ್ಟವರೇ ಜಾಸ್ತಿ ಉಳಿದರು. ರಕ್ತ ಹೆಚ್ಚಾದರೆ ಪೋರ್ಟಲ್ ಒತ್ತಡವೂ ಏರಿ, ಒಡೆದ ಜಾಗ ಮತ್ತೆ ಒಡೆಯುತ್ತದೆ.

ಹೊಟ್ಟೆಯಲ್ಲಿ ನೀರು ತುಂಬಿ ಬಂದವರದು ಇನ್ನೊಂದು ಬಗೆ. ಜ್ವರ, ಹೊಟ್ಟೆ ನೋವು, ಇಲ್ಲವೇ ಬರೀ ಸುಸ್ತು. ಆ ನೀರಿನಲ್ಲೇ ಸೋಂಕು ಇರಬಹುದು. ಗೊತ್ತಾಗಬೇಕೆಂದರೆ ಸೂಜಿ ಹಾಕಿ ಸ್ವಲ್ಪ ನೀರು ತೆಗೆದು ಲ್ಯಾಬಿಗೆ ಕಳಿಸಬೇಕು. ಐದು ನಿಮಿಷದ ಕೆಲಸ. ಒಂದು ಘನ ಮಿಲಿಮೀಟರಿನಲ್ಲಿ ನ್ಯೂಟ್ರೋಫಿಲ್ ಎನ್ನುವ ಬಿಳಿ ರಕ್ತಕಣಗಳು 250 ದಾಟಿದರೆ ಸೋಂಕು ಖಚಿತ. ಆಸ್ಪತ್ರೆಗೆ ಸೇರಿದ ಪ್ರತಿಯೊಬ್ಬ ಇಂಥ ರೋಗಿಗೂ ಇದನ್ನು ಮಾಡಬೇಕು. ಆದರೆ "ಐಎನ್‌ಆರ್ ಜಾಸ್ತಿ ಇದೆ, ರಕ್ತ ಬಂದರೆ ಕಷ್ಟ" ಎಂದು ಹಿಂಜರಿಯುತ್ತಾರೆ. ಆ ಭಯಕ್ಕೆ ಆಧಾರ ಕಡಿಮೆ. ಐಎನ್‌ಆರ್ ಎಂದರೆ ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಪರೀಕ್ಷೆ. ಸಿರೋಸಿಸ್‌ನಲ್ಲಿ ರಕ್ತಸ್ರಾವ ಎಷ್ಟಾಗುತ್ತದೆ ಎಂದು ಅದು ಸರಿಯಾಗಿ ಹೇಳುವುದಿಲ್ಲ. ತಡ ಮಾಡಿದಷ್ಟೂ ಅಪಾಯ ಏರುತ್ತದೆ.

ಸೋಂಕು ಇದ್ದರೆ ಆ್ಯಂಟಿಬಯೋಟಿಕ್ ಜೊತೆ ಆಲ್ಬುಮಿನ್ ಎನ್ನುವ ರಕ್ತದ ಪ್ರೋಟೀನ್ ಬೇಕು. ಮೊದಲ ದಿನ ಕಿಲೋಗೆ ಒಂದೂವರೆ ಗ್ರಾಂ, ಮೂರನೇ ದಿನ ಒಂದು ಗ್ರಾಂ. ಕಿಡ್ನಿ ಕೈಕೊಡದಂತೆ ಕಾಪಾಡುವುದು ಅದೇ. 60 ಕಿಲೋ ತೂಕದವರಿಗೆ ಮೊದಲ ದಿನವೇ 90 ಗ್ರಾಂ. 20 ಗ್ರಾಮಿನ ಬಾಟಲಿಗಳಲ್ಲಿ ನಾಲ್ಕೂವರೆ. ಒಂದೊಂದು ಬಾಟಲಿಗೂ ಸಾವಿರಾರು ರೂಪಾಯಿ. ಇಲ್ಲಿಗೆ ಬಂದು ಚಿಕಿತ್ಸೆ ನಿಲ್ಲುತ್ತದೆ. ಚೀಟಿ ಹಿಡಿದು ಮೆಡಿಕಲ್ ಸ್ಟೋರಿಗೆ ಹೋದ ಅಣ್ಣನೋ ಹೆಂಡತಿಯೋ ಒಂದೇ ಬಾಟಲಿ ತಂದು ಕೊಡುತ್ತಾರೆ. ಒಂದು ಬಾಟಲಿ ಹಾಕಿದ್ದೇವೆ ಎಂದು ಕೇಸ್ ಶೀಟಿನಲ್ಲಿ ಬರೆಯಲಾಗುತ್ತದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಹೀಗಿರುವಾಗ ಆಲ್ಬುಮಿನ್ ಬಾಟಲಿಯನ್ನು ಮನೆಯವರ ಕೈಯಲ್ಲಿ ತರಿಸುವುದು ನಿಲ್ಲಬೇಕು. ಜಿಲ್ಲಾ ಆಸ್ಪತ್ರೆಯ ಫಾರ್ಮಸಿಯಲ್ಲಿ ಅದು ಯಾವಾಗಲೂ ಇರಬೇಕು. ಹೊಸ ವೆಂಟಿಲೇಟರಿಗಿಂತ ಮೊದಲು ನಾನು ಕೇಳುವುದು ಇದನ್ನೇ.

ಇನ್ನು ಡ್ರಿಪ್. ಸುಸ್ತು ಎಂದ ಕೂಡಲೇ ಒಂದು ಬಾಟಲಿ ಹಾಕಿಸುವುದು ನಮ್ಮಲ್ಲಿ ರೂಢಿ. ಒಂದು ಲೀಟರ್ ನಾರ್ಮಲ್ ಸಲೈನ್‌ನಲ್ಲಿ 9 ಗ್ರಾಂ ಉಪ್ಪಿರುತ್ತದೆ. ಹೊಟ್ಟೆಯಲ್ಲಿ ನೀರಿರುವವರು ಇಡೀ ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಬೇಕು ಎನ್ನುತ್ತಾರೆ. ರಕ್ತ ಹೋಗಿ ಬಿಪಿ ಬಿದ್ದವರಿಗೆ ಡ್ರಿಪ್ ಬೇಕೇ ಬೇಕು. ಬರೀ ಸುಸ್ತಿಗೆ ಹಾಕಿದ ಬಾಟಲಿ ಮಾತ್ರ ನೇರವಾಗಿ ಹೊಟ್ಟೆಗೇ ಸೇರುತ್ತದೆ. ಅದರ ಜೊತೆಗೆ ಸೊಂಟ ನೋವಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ಬಿತ್ತೋ, ಮೊದಲೇ ಕಷ್ಟಪಡುತ್ತಿದ್ದ ಕಿಡ್ನಿ ನಿಂತೇಹೋಗಬಹುದು. ಇಂಥವರಿಗೆ ನೋವಿಗೆ ಪ್ಯಾರಾಸಿಟಮಾಲೇ ವಾಸಿ, ದಿನಕ್ಕೆ 2 ಗ್ರಾಂ ಮೀರದಂತೆ. ಪ್ಯಾರಾಸಿಟಮಾಲ್ ಲಿವರಿಗೆ ವಿಷ ಎಂದು ಹೆದರಿ ಡೈಕ್ಲೋ ಕೊಡುವವರು ಬಹಳ ಇದ್ದಾರೆ. ಆಗುವುದು ಉಲ್ಟಾ.

ಕಿಡ್ನಿ ವಿಷಯದಲ್ಲಿ ಇನ್ನೊಂದು ಮೋಸ ಇದೆ. ಕಿಡ್ನಿ ಹೇಗಿದೆ ಎಂದು ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ಸಿರೋಸಿಸ್ ರೋಗಿಯ ತೋಳು ನೋಡಿ: ಹೊಟ್ಟೆ ದೊಡ್ಡದು, ತೋಳು ಕಡ್ಡಿ. ಮಾಂಸವೇ ಇಲ್ಲದವರಲ್ಲಿ ಕ್ರಿಯಾಟಿನಿನ್ 1.2 ಬಂದರೂ ಕಿಡ್ನಿ ಅರ್ಧ ಸೋತಿರಬಹುದು. "ನಾರ್ಮಲ್ ಇದೆ" ಎಂದು ಬಿಡುವ ಮುಂಚೆ ಹೋದ ತಿಂಗಳ ರಿಪೋರ್ಟ್ ಜೊತೆ ಹೋಲಿಸಬೇಕು. ಮೂತ್ರ ಎಷ್ಟು ಬರುತ್ತಿದೆ ಎಂದು ನೋಡಬೇಕು.

ಮಂಪರಿನಲ್ಲಿ ಬಂದವರನ್ನು ನೋಡಿಕೊಳ್ಳುವುದೇ ಎಲ್ಲಕ್ಕಿಂತ ಸೂಕ್ಷ್ಮ. ಲಿವರ್ ಶುದ್ಧ ಮಾಡದೆ ಬಿಟ್ಟ ಅಮೋನಿಯಾದಂಥ ವಸ್ತುಗಳು ಮೆದುಳಿಗೆ ಹೋಗುತ್ತವೆ. ಶುರುವಿನಲ್ಲಿ ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ. ಆಮೇಲೆ ಮಾತು ತಪ್ಪುವುದು, ಕೈ ಚಾಚಿದರೆ ಅಂಗೈ ಪಟಪಟ ಬೀಳುವುದು. ಮನೆಯವರು ಕುಡಿದಿದ್ದಾನೆ ಎಂದುಕೊಳ್ಳುತ್ತಾರೆ, ಇಲ್ಲವೇ ಗಾಳಿ ಸೋಕಿದೆ ಎಂದು ದರ್ಗಾಕ್ಕೋ ಗುಡಿಗೋ ಕರೆದುಕೊಂಡು ಹೋಗುತ್ತಾರೆ. ಆಸ್ಪತ್ರೆಯಲ್ಲೂ ಗೊಂದಲ ಆಗುತ್ತದೆ. ಕುಡಿತ ಬಿಟ್ಟ ಎರಡು ಮೂರನೇ ದಿನ ಬರುವ ನಡುಕ, ಬೆವರು, ಇಲ್ಲದ್ದು ಕಾಣುವುದು ಬೇರೆ. ಇದು ಬೇರೆ. ಅದಕ್ಕೆ ಶಮನಕಾರಿ ಇಂಜೆಕ್ಷನ್ ಬೇಕು, ಇದಕ್ಕೆ ಅದೇ ಇಂಜೆಕ್ಷನ್ ಕೊಟ್ಟರೆ ಕೋಮಾಗೆ ಹೋಗಬಹುದು. ಕೂಗಾಡುತ್ತಾನೆ ಎಂದು ಕೈಕಾಲು ಕಟ್ಟಿ ನಿದ್ದೆ ಇಂಜೆಕ್ಷನ್ ಕೊಡುವ ಮುಂಚೆ ಒಬ್ಬರು ಹತ್ತು ನಿಮಿಷ ಹಾಸಿಗೆ ಪಕ್ಕ ನಿಂತು ನೋಡಬೇಕು. ಶುಗರ್ ನೋಡಬೇಕು. ಮಲ ಹೋಗಿ ಎಷ್ಟು ದಿನವಾಯಿತು ಎಂದು ಹೆಂಡತಿಯನ್ನು ಕೇಳಬೇಕು. ಮಲಬದ್ಧತೆ, ಸೋಂಕು, ರಕ್ತಸ್ರಾವ, ನಿದ್ದೆ ಗುಳಿಗೆ: ಬಹುಪಾಲು ಇವುಗಳಲ್ಲಿ ಒಂದು ಕಾರಣ ಸಿಗುತ್ತದೆ. ಲ್ಯಾಕ್ಟುಲೋಸ್ ಸಿರಪ್ಪನ್ನು ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಹೋಗುವಷ್ಟು ಕೊಟ್ಟರೆ ತುಂಬಾ ಜನ ಎದ್ದು ಕೂರುತ್ತಾರೆ. ಸಿಸ್ಟರುಗಳಿಗೆ ಇದು ಚೆನ್ನಾಗಿ ಗೊತ್ತು. ನಿನ್ನೆ ಕಣ್ಣು ಬಿಡದವರು ಇವತ್ತು ಕಾಫಿ ಕೇಳುವುದನ್ನು ಅವರು ನೋಡಿರುತ್ತಾರೆ.

ಊಟ ನಿಲ್ಲಿಸುವುದು ದೊಡ್ಡ ತಪ್ಪು. ಬೇಳೆ ಬೇಡ, ಮೊಟ್ಟೆ ಬೇಡ, ಬರೀ ಗಂಜಿ ಎನ್ನುವ ಪಥ್ಯ ಹಳೆಯದಾಯಿತು. ಮಂಪರು ಬಂದವರಿಗೂ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಅವರೆಕಾಳು, ಹುರುಳಿ, ಬೇಳೆ ಸಾರು, ಮೊಟ್ಟೆ, ಮೊಸರು ಎಲ್ಲ ಆಗುತ್ತದೆ. ಉಪ್ಪಿನಕಾಯಿ, ಹಪ್ಪಳ ಬಿಡಬೇಕು. ರಾತ್ರಿ ಮಲಗುವ ಮುಂಚೆ ರಾಗಿ ಅಂಬಲಿಯೋ ಹಾಲೋ ಏನಾದರೂ ಹೊಟ್ಟೆಗೆ ಬೀಳಬೇಕು. ಸಿರೋಸಿಸ್‌ನಲ್ಲಿ ಒಂದು ರಾತ್ರಿ ಖಾಲಿ ಹೊಟ್ಟೆಯಲ್ಲಿ ಮಲಗಿದರೂ ದೇಹ ತನ್ನ ಮಾಂಸವನ್ನೇ ಕರಗಿಸಲು ಶುರು ಮಾಡುತ್ತದೆ.

ವೆಂಟಿಲೇಟರ್ ಹಾಕುವ ಮುಂಚಿನ ಮಾತು

ಕೋವಿಡ್ ಕಾಲದಲ್ಲಿ ಸಣ್ಣ ಊರಿನ ಆಸ್ಪತ್ರೆಗಳಿಗೂ ವೆಂಟಿಲೇಟರ್ ಬಂದವು, ಆಕ್ಸಿಜನ್ ಪ್ಲಾಂಟ್ ಬಂದವು. ಅದರಿಂದ ಒಳ್ಳೆಯದಾಗಿದೆ. ಆದರೆ ಲಿವರ್ ರೋಗಿಯ ವಿಷಯದಲ್ಲಿ ಯಂತ್ರದ ಮಿತಿಯನ್ನು ಬಾಯಿಬಿಟ್ಟು ಹೇಳಬೇಕು. ಸಿರೋಸಿಸ್ ಉಲ್ಬಣಿಸಿ ಆಸ್ಪತ್ರೆ ಸೇರಿದವರ ಮೇಲೆ ಯುರೋಪಿನಲ್ಲಿ ನಡೆದ ಕ್ಯಾನೋನಿಕ್ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಒಂದು ಅಂಗ ಕೈಕೊಟ್ಟ ಹಂತದಲ್ಲಿ 28 ದಿನದೊಳಗೆ ತೀರಿಕೊಂಡವರು ನೂರಕ್ಕೆ ಸುಮಾರು 22. ಎರಡು ಅಂಗವಾದರೆ 32. ಮೂರೋ ಅದಕ್ಕಿಂತ ಜಾಸ್ತಿಯೋ ಆದರೆ 77. ಎರಡರಿಂದ ಮೂರಕ್ಕೆ ಹೋಗುವಾಗ ಬೀಳುವ ಆ ಪ್ರಪಾತ ನೋಡಿ. ಮೊದಲ ಗಂಟೆಗಳ ಬಗ್ಗೆ ಇಷ್ಟು ಹೊತ್ತು ಹೇಳಿದ್ದು ಅದಕ್ಕೇ. ಆ್ಯಂಟಿಬಯೋಟಿಕ್, ಆಲ್ಬುಮಿನ್ ಸಮಯಕ್ಕೆ ಬಿದ್ದರೆ ಒಂದು ಅಂಗದಲ್ಲೇ ನಿಲ್ಲುವ ಸಾಧ್ಯತೆ ಇರುತ್ತದೆ.

ಇಂಥವರ ದಾರಿ ಯಾವ ಕಡೆ ಎನ್ನುವುದು ಬಹುಪಾಲು ಮೂರರಿಂದ ಏಳು ದಿನದಲ್ಲಿ ಗೊತ್ತಾಗುತ್ತದೆ. ಇದನ್ನು ಮೊದಲ ದಿನವೇ ಮನೆಯವರನ್ನು ಕೂರಿಸಿ ಹೇಳಬಹುದು. "ಇಷ್ಟು ದಿನ ಪೂರ್ತಿ ಪ್ರಯತ್ನ ಮಾಡೋಣ, ಆಮೇಲೆ ಮತ್ತೆ ಮಾತಾಡೋಣ" ಎಂದರೆ ಹಳ್ಳಿಯವರಿಗೆ ಅರ್ಥವಾಗದ್ದೇನಿಲ್ಲ. ಹಾಗೆ ಹೇಳದೆ ದಿನಕ್ಕೊಂದು ಬಿಲ್ ಕೊಟ್ಟರೆ ಮಾವಿನ ತೋಪು ಅಡ ಇಡುತ್ತಾರೆ. ಹನ್ನೆರಡನೇ ದಿನ ದುಡ್ಡು ಮುಗಿದು ಸಹಿ ಹಾಕಿ ಮನೆಗೆ ಕರೆದುಕೊಂಡು ಹೋಗುತ್ತಾರೆ. ನೋವಿಲ್ಲದಂತೆ, ಉಸಿರು ಕಟ್ಟದಂತೆ ನೋಡಿಕೊಳ್ಳುವ ಚಿಕಿತ್ಸೆಯೂ ಆಗ ಸಿಗುವುದಿಲ್ಲ. ಲಿವರ್ ಕಸಿ ಎಲ್ಲರಿಗೂ ಆಗುವುದಲ್ಲ. ಆದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಅಂಗಾಂಗ ಕಸಿಯ ಸರ್ಕಾರಿ ಸಂಸ್ಥೆ ಇದೆ, ರಾಜ್ಯದ ಅಂಗದಾನ ವ್ಯವಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸುವ ವ್ಯವಸ್ಥೆ ಇದೆ. ಅರ್ಹರಿಗೆ ಈ ದಾರಿ ಐಸಿಯು ಹತ್ತುವ ಮುಂಚೆಯೇ ತೋರಿಸಬೇಕು.

"ಕುಡುಕ, ಇವನಿಗೆ ಎಷ್ಟು ಮಾಡಿದರೂ ಅಷ್ಟೇ" ಎನ್ನುವ ಮಾತು ವಾರ್ಡಿನಲ್ಲೂ ಇದೆ, ಮನೆಯಲ್ಲೂ ಇದೆ. ಇದು ವೈದ್ಯಕೀಯವಾಗಿಯೂ ತಪ್ಪು. ಹೊಟ್ಟೆಯಲ್ಲಿ ನೀರು ಬಂದ ಮೇಲೂ ಕುಡಿತ ಪೂರ್ತಿ ಬಿಟ್ಟವರಲ್ಲಿ ಕೆಲವರಿಗೆ ಆ ನೀರೇ ಹೋಗಿ, ಕಾಮಾಲೆ ಇಳಿದು, ಕೆಲಸಕ್ಕೆ ಹೋಗುವಷ್ಟು ಚೇತರಿಕೆ ಆಗುತ್ತದೆ. ಬಿಡಿಸಲು ಸಹಾಯ ಬೇಕು. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ಇರುತ್ತದೆ. ಅಲ್ಲಿಗೆ ಕಳಿಸಬೇಕು. ಗೋಡೆ ಮೇಲಿನ "ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ" ಎನ್ನುವ ಪುಡಿಗಳನ್ನು ಮಾತ್ರ ತರಬೇಡಿ. ಅದರಲ್ಲಿ ಕುಡಿತ ಬಿಡಿಸುವ ಔಷಧಿ ಡೈಸಲ್ಫಿರಾಮ್ ಇದ್ದರೆ ಕೆಟ್ಟ ಲಿವರಿಗೆ ಇನ್ನೊಂದು ಪೆಟ್ಟು.

ಬದುಕಿ ಮನೆಗೆ ಹೋಗುವವರ ಡಿಸ್ಚಾರ್ಜ್ ಚೀಟಿ ಈಗ ಸಾಮಾನ್ಯವಾಗಿ ನಾಲ್ಕು ಗುಳಿಗೆಗಳ ಹೆಸರು, "15 ದಿನ ಬಿಟ್ಟು ಬನ್ನಿ" ಎನ್ನುವುದರಲ್ಲಿ ಮುಗಿಯುತ್ತದೆ. ಅದರಲ್ಲಿ ಇನ್ನೂ ಕೆಲವು ಸಾಲು ಇರಬೇಕು. ಬ್ಯಾಂಡ್ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಉಬ್ಬಿದ ನಾಳಗಳು ಪೂರ್ತಿ ಹೋಗುವವರೆಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹಾಕಿಸಬೇಕು. ಪೋರ್ಟಲ್ ಒತ್ತಡ ಇಳಿಸುವ ಪ್ರೊಪ್ರನಲಾಲ್ ಇಲ್ಲವೇ ಕಾರ್ವೆಡಿಲಾಲ್ ಎನ್ನುವ ಅಗ್ಗದ ಗುಳಿಗೆ ನಿಲ್ಲಿಸಬಾರದು. ಆರು ತಿಂಗಳಿಗೊಮ್ಮೆ ಕ್ಯಾನ್ಸರ್ ಬಂದಿದೆಯೇ ಎಂದು ಸ್ಕ್ಯಾನ್ ಮಾಡಿಸಬೇಕು. ಹೆಪಟೈಟಿಸ್ ಬಿ ಇದ್ದರೆ ಹೆಂಡತಿ, ಮಕ್ಕಳಿಗೂ ಪರೀಕ್ಷೆ, ಲಸಿಕೆ. ಮತ್ತೆ ರಕ್ತ ವಾಂತಿಯಾಗಿ ಬರುವವರಲ್ಲಿ ಎರಡನೇ ಬ್ಯಾಂಡಿಗೆ ಹೋಗದೇ ಉಳಿದವರಿರುತ್ತಾರೆ. ಹೋಗದಿರಲು ಕಾರಣ ಕೇಳಿದರೆ ಹೇಳುವುದು ಇಷ್ಟೇ: ಬೆಂಗಳೂರಿಗೆ ಇಬ್ಬರು ಹೋಗಿಬರಲು ಎರಡು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ. ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲೇ ವಾರದಲ್ಲಿ ಒಂದು ದಿನವನ್ನು ಬ್ಯಾಂಡಿಗೆಂದು ಗೊತ್ತುಮಾಡಿ, ಯಾರು ಬಂದಿಲ್ಲ ಎಂದು ನೋಡಿ ಆಶಾ ಕಾರ್ಯಕರ್ತೆಗೆ ಫೋನ್ ಮಾಡುವಷ್ಟು ವ್ಯವಸ್ಥೆ ಆದರೂ ಆಗಬೇಕು.